ಊರೆಲ್ಲ ಕುಡಿದ ನನ್ನ ಇಟಲಿ ವೈನು

ಕೆಲವರು ಹೊಸ್ತಿಲು ದಾಟಿದರೆ ಬೆಕ್ಕು ಅಡ್ಡ ಬರುತ್ತದಂತೆ. ನನಗೆ ಬೆಕ್ಕಿನಿಂದ ಯಾವ ತೊಂದರೆಯೂ ಆಗಿಲ್ಲ. ನನಗೆ ಅಡ್ಡ ಬರುವವರು ಮನುಷ್ಯರು, ಅದೂ ಸರಿಯಾಗಿ ನಾನು ಬಾಟಲಿಯ ಬಿರಡೆಗೆ ಕೈ ಹಾಕುವ ಹೊತ್ತಿಗೆ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದ ನಡುವಿನವರೆಗೆ ಅಜ್ಜಂಪುರ, ಕಡೂರು, ತರೀಕೆರೆ, ಈ ಮೂರೂ ಊರಿನ ಹೈಸ್ಕೂಲುಗಳಲ್ಲಿ ಹುಡುಗಿಯರಿಗೆ ಗೃಹವಿಜ್ಞಾನ ಕಲಿಸಿದವಳು ನಾನು. ಯಾವುದರ ಜೊತೆ ಯಾವುದನ್ನು ತಿನ್ನಬೇಕು ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈಯೆಲ್ಲ ಸುಣ್ಣವಾಗಿತ್ತು. ಅಷ್ಟೂ ವರ್ಷ ನನಗಿದ್ದ ಆಸೆ ಒಂದೇ. ಇಟಲಿಯ ಸಿಹಿ ಕೆಂಪು ವೈನು ಒಂದು ಲೋಟ, ನನ್ನ ಮನೆಯಲ್ಲಿ, ನಾನೇ ಮಾಡಿದ ಊಟದ ಜೊತೆ ಕೂತು ಕುಡಿಯಬೇಕು. ಕೇಳಿದ್ದು ಜಾಸ್ತಿಯಾಯಿತೇ? ಬಾಟಲಿ ನನ್ನ ಹೆಸರಿಗೇ ಬರುತ್ತಿತ್ತು. ಕುಡಿದವರು ಮಾತ್ರ ಬೇರೆಯವರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ.

ಹೆಡ್‌ಮಾಸ್ತರರ ಕಿವಿ

ಅಜ್ಜಂಪುರಕ್ಕೆ ಅಮೃತಮಹಲ್ ದನಗಳನ್ನು ನೋಡಲು ಇಟಲಿಯಿಂದ ಒಬ್ಬಾಕೆ ಬಂದಿದ್ದಳು. ದನದ ತಳಿಗಳ ಬಗ್ಗೆ ಓದಿಕೊಂಡವಳು. ದಿನವೆಲ್ಲ ಬಿಸಿಲಲ್ಲಿ ನಿಂತು ಹೋರಿಗಳ ಕೊಂಬು ಅಳೆಯುತ್ತಿದ್ದಳು. ಅವಳು ಇಳಿದುಕೊಂಡಿದ್ದ ಬಂಗಲೆಯ ಅಡುಗೆಯವನು, ಬಿಳಿಯರಿಗೆ ಖಾರ ಆಗುವುದಿಲ್ಲ ಎಂದು ತಾನೇ ತೀರ್ಮಾನಿಸಿ, ಹೊತ್ತು ಹೊತ್ತಿಗೂ ಸಪ್ಪೆ ಉಪ್ಪಿಟ್ಟು ಬೇಯಿಸಿ ಹಾಕುತ್ತಿದ್ದ. ಆಕೆ ಕಂಗಾಲಾದಳು. ಇಂಗ್ಲಿಷೂ ಅಡುಗೆಯೂ ಎರಡೂ ಬಲ್ಲವಳು ಎಂದು ನಮ್ಮ ಹೆಡ್‌ಮಾಸ್ತರರು ನನ್ನನ್ನು ಕಳಿಸಿದರು.

ನಾನು ಅವಳನ್ನು ಸೀದಾ ನನ್ನ ಮನೆಗೆ ಕರೆತಂದು ಬಿಸಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿದೆ. ಹಸಿಮೆಣಸಿನಕಾಯಿಯ ಖಾರಕ್ಕೆ ಅವಳ ಕಣ್ಣು ಮೂಗು ಎಲ್ಲ ಸುರಿಯತೊಡಗಿತು. ಅಳುತ್ತಲೇ ಇನ್ನೊಂದು ರೊಟ್ಟಿ ಕೇಳಿದಳು. ತಮ್ಮೂರಲ್ಲಿ ಒಂದು ಸಿಹಿ ಕೆಂಪು ವೈನಿದೆ, ತಣ್ಣಗೆ ಮಾಡಿದರೆ ನಾಲಿಗೆ ಮೇಲೆ ಸಣ್ಣಗೆ ಗುಳ್ಳೆ ಏಳುತ್ತದೆ, ತಲೆಗೆ ಅಷ್ಟಾಗಿ ಏರುವುದಿಲ್ಲ ಎಂದಳು. ಅದನ್ನು ಅಲ್ಲಿ ಹಣ್ಣಿನ ಜೊತೆ, ಉಪ್ಪುಪ್ಪಾದ ಚೀಸಿನ ಜೊತೆ, ಬೀಜ ಹಾಕಿದ ಕೇಕಿನ ಜೊತೆ ಕುಡಿಯುತ್ತಾರಂತೆ. "ಆದರೆ ಅದಕ್ಕೆ ಸರಿಯಾದ ಜೋಡಿ ನಿಮ್ಮ ಈ ಚಟ್ನಿ. ಖಾರ ಉರಿಸಬೇಕು, ವೈನು ಆರಿಸಬೇಕು" ಎಂದಳು. ನಾನು ಮಠಕ್ಕೆ ನಡೆದುಕೊಳ್ಳುವ ಮನೆತನದವಳು. ವೈನು ಎನ್ನುವ ಮಾತನ್ನು ಮನೆಯೊಳಗೆ ಆಡಿದ್ದೇ ಅದು ಮೊದಲು. ಆದರೂ ಆಸೆ ಹುಟ್ಟಿಬಿಟ್ಟಿತು, ಏನು ಮಾಡಲಿ?

ಊರಿಗೆ ಹೊರಟ ದಿನ ಶಾಲೆಗೇ ಬಂದು, ಪೆಟ್ಟಿಗೆಯಲ್ಲಿ ಉಳಿಸಿಕೊಂಡಿದ್ದ ಒಂದು ಬಾಟಲಿಯನ್ನು ನನ್ನ ಕೈಗಿಟ್ಟಳು. ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ಇದೇನು ಎಂದು ಕೇಳಿದರು. ಅವಳು ನಗುತ್ತಾ ಅವಳ ಭಾಷೆಯಲ್ಲೇ ಹೇಳಿದಳು, "ರೊಸ್ಸೊ ದೋಲ್ಚೆ." ಕೆಂಪು, ಸಿಹಿ ಎಂದು ಅದರ ಅರ್ಥ.

ಹೆಡ್‌ಮಾಸ್ತರರ ಮುಖ ಅರಳಿತು. "ಓಹೋ, ರಸ ದೋಸೆ! ನಮ್ಮಲ್ಲಿ ದೋಸೆಗೆ ಕಾಯಿರಸ ಹುಯ್ಕೊಳಲ್ವೇ, ಅವ್ರದು ದ್ರಾಕ್ಷಿ ರಸ. ಶಾಲೆಗೆ ಬಂದ ಕಾಣಿಕೆ ಕಣಮ್ಮಾ ಇದು, ನನ್ನ ಹತ್ರ ಇರ್ಲಿ" ಎಂದು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡೇಬಿಟ್ಟರು. ಅದು ದೋಸೆಯದಲ್ಲ ಎಂದು ಬಾಯಿ ತೆರೆದೆ, ಮುಚ್ಚಿದೆ. ವೈನು ಎಂದು ನಾನು ಹೇಳಿದರೆ, ಅದೆಲ್ಲ ನಿನಗೆ ಹೇಗೆ ಗೊತ್ತು ಎನ್ನುವ ಪ್ರಶ್ನೆ ಬರುತ್ತದೆ. ಒಂಟಿ ಹೆಂಗಸಿಗೆ ಆ ಪ್ರಶ್ನೆಯೇ ಶಿಕ್ಷೆ.

ಮರುವಾರ ಶಾಲಾ ಇನ್ಸ್‌ಪೆಕ್ಟರು ಬಂದರು. ಹಣೆ ತುಂಬ ವಿಭೂತಿ, ಮಾತು ಕಡಿಮೆ, ಯಾವ ಶಾಲೆಯನ್ನೂ ಹೊಗಳಿದವರಲ್ಲ. ಹೆಡ್‌ಮಾಸ್ತರರ ಮನೆಯಲ್ಲಿ ತಿಂಡಿ. ಬಡಿಸಲು ನನಗೆ ಬುಲಾವು. ಕಣ್ಣೆದುರೇ ನನ್ನ ಬಾಟಲಿಯ ಬಿರಡೆ ಹಾರಿತು. ನನ್ನ ವೈನನ್ನು ದೋಸೆಯ ಮೇಲೆ ಸುರಿದರು. ಬಿಸಿ ದೋಸೆಯ ತೂತಿನಲ್ಲೆಲ್ಲ ಅದು ಚುರ್ ಎನ್ನುತ್ತಾ ಇಳಿಯಿತು. ನನ್ನ ಹೊಟ್ಟೆಯೂ ಹಾಗೇ ಚುರ್ ಎಂದಿತು. ಇನ್ಸ್‌ಪೆಕ್ಟರು ಒಂದು ತುತ್ತು ತಿಂದು, ಕಣ್ಣು ಮುಚ್ಚಿ, "ಇನ್ನೊಂಚೂರು ಹುಯ್ಯಿ ತಾಯಿ" ಎಂದರು. ದೋಸೆ ಮುಗಿದ ಮೇಲೆ ತಟ್ಟೆಯನ್ನೇ ಎತ್ತಿ ಕುಡಿದರು. ಆಮೇಲೆ ಯಾವ ತರಗತಿಗೂ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ನಿದ್ದೆ ತೆಗೆದರು, ಎದ್ದು ಎಲ್ಲ ಮಕ್ಕಳಿಗೂ ಜಾಣರಾಗಿ ಎಂದು ಹರಸಿದರು. ಹೊರಡುವಾಗ ನನ್ನನ್ನು ಕರೆದು ಗಂಭೀರವಾಗಿ ಅಪ್ಪಣೆ ಮಾಡಿದರು:

"ಗೃಹವಿಜ್ಞಾನದ ಹುಡುಗೀರಿಗೆ ಮೊದ್ಲು ಈ ರಸ ಮಾಡೋದ್ ಕಲಿಸ್ರಮ್ಮ. ಹೋದ ಮನೇಲಿ ಬಾಳ್ತಾರೆ."

ಎರಡು ಚಮಚ, ಊಟ ಆದ ಮೇಲೆ

ನನಗೆ ಕಡೂರಿಗೆ ವರ್ಗವಾಯಿತು. ಇಟಲಿಯವಳು ಮರೆತಿರಲಿಲ್ಲ. ಎಮ್ಮೆದೊಡ್ಡಿ ಕಾವಲಿಗೆ ದನ ನೋಡಲು ಬಂದ ಅವಳ ಕಡೆಯವನೊಬ್ಬ, ಆಕೆ ಕೊಟ್ಟಳು ಎಂದು ಎರಡನೇ ಬಾಟಲಿ ತಲುಪಿಸಿ ಹೋದ. ನಾನಾಗ ಒಬ್ಬ ವಿಧವೆ ಅಜ್ಜಿಯ ಮನೆಯ ಹಿಂದಿನ ಪಾಲಿನಲ್ಲಿ ಬಾಡಿಗೆಗಿದ್ದೆ. ತೆಂಗಿನ ತೋಟವಿದ್ದ ಗಟ್ಟಿ ಕುಳ. ಬಾಯಿಯೂ ಗಟ್ಟಿ. ನನ್ನ ಪಾಲಿನ ಬಾಗಿಲಿಗೆ ಒಳಗಿನ ಚಿಲಕ ಇರುವುದು ಯಾತಕ್ಕೆ ಎಂದು ಆಯಮ್ಮನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಬಾಟಲಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ. ಅಜ್ಜಿ ಒಂದು ಪಾವು ಅಕ್ಕಿ ಸಾಲ ಕೇಳಲು ಬಂದವರು, ನಾನು ಬಚ್ಚಲಿನಲ್ಲಿದ್ದಾಗ ತಾವೇ ಡಬ್ಬಕ್ಕೆ ಕೈ ಹಾಕಿದರು.

"ಇದೇನೇ ಇದು, ಅಕ್ಕಿ ಒಳ್ಗೆ ಶೀಶೆ?"

ಮೈಗೆ ಸೋಪು ಹಚ್ಚಿಕೊಂಡ ಹೆಂಗಸಿನ ತಲೆ ಎಷ್ಟು ಓಡೀತು? "ದ್ರಾಕ್ಷಾರಿಷ್ಟ ಕಣಜ್ಜಿ, ಅಜೀರ್ಣಕ್ಕೆ" ಎಂದು ಒಳಗಿಂದಲೇ ಕೂಗಿದೆ. ಬ್ರಾಂದಿ ಎಂದು ತಿಳಿದಿದ್ದರೆ ಅವತ್ತು ಸಂಜೆಯೊಳಗೆ ನನ್ನ ಟ್ರಂಕು ಬೀದಿಯಲ್ಲಿರುತ್ತಿತ್ತು.

"ಅಯ್ಯೋ, ನಂಗೂ ಅಜೀರ್ಣನೇ ಅಲ್ವೇನೇ! ಮಲ್ಗಿದ್ರೆ ಎದೆ ಉರಿ, ಎದ್ರೆ ತೇಗು. ಇಷ್ಟ್ ದಿನ ಬಚ್ಚಿಟ್ಕಂಡಿದ್ದೀಯಲ್ಲೇ, ಮುದುಕಿ ಸಾಯ್ಲಿ ಅಂತಾನಾ?"

ಅಜ್ಜಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಔಷಧಿಯ ವಿಷಯದಲ್ಲಿ ಬಹಳ ಶಿಸ್ತು. ಊಟ ಆದ ಮೇಲೆ ಎರಡು ಚಮಚ. ಹಾಗೇ ಕುಡಿದರೆ ಉಷ್ಣವಾಗುತ್ತದೆಂದು ಅದನ್ನು ಮಜ್ಜಿಗೆಗೆ ಬೆರೆಸಿ, ಮೇಲೆ ಇಂಗು ಹಾಕಿಕೊಂಡು ಕುಡಿಯುತ್ತಿದ್ದರು. ಇಟಲಿಯ ದ್ರಾಕ್ಷಿ ತೋಟದವನಿಗೆ ಇದು ಗೊತ್ತಾಗಿದ್ದರೆ ಬಳ್ಳಿಯನ್ನೇ ಕಿತ್ತು ಹಾಕುತ್ತಿದ್ದ. ಗೋಡೆಯ ಈಚೆಗೆ ನಾನು ಒಣ ಚಟ್ನಿ ನೆಕ್ಕುತ್ತಾ ಕೂತಿರುತ್ತಿದ್ದೆ. ಆಚೆಯಿಂದ ನನ್ನ ವೈನಿನ ತೇಗು ಕೇಳಿಸುತ್ತಿತ್ತು. ಎರಡು ಚಮಚ ನಾಲ್ಕಾಯಿತು, ಒಂದು ಲೋಟವಾಯಿತು. ಅಜ್ಜಿಯ ಎದೆಯುರಿ ಹೋಯಿತು, ಮಂಡಿನೋವು ಹೋಯಿತು, ಸೊಸೆಯ ಮೇಲಿನ ಕೋಪವೂ ಹೋಯಿತು. ಮನೆಯಲ್ಲಿ ನಗು ಕೇಳಿಸುತ್ತಿದೆಯಲ್ಲ ಎಂದು ಬೀದಿಯವರಿಗೆಲ್ಲ ಆಶ್ಚರ್ಯ.

ಬಾಟಲಿ ಖಾಲಿಯಾಯಿತು. ಅಜ್ಜಿ ಸುಮ್ಮನೆ ಕೂರುವವರೇ? ಖಾಲಿ ಬಾಟಲಿ ಹಿಡಿದು ಪೇಟೆಯ ಔಷಧಿ ಅಂಗಡಿಗೆ ಹೋಗಿ, ಇಂಥದ್ದೇ ಕೊಡು ಎಂದರಂತೆ. ಅಂಗಡಿಯವನು ಓದಿಕೊಂಡವನು. ಬಾಟಲಿಯ ಮೇಲಿನ ಚೀಟಿ ನೋಡಿದ, ಮೂಸಿದ, ಸ್ಟಾಕ್ ಇಲ್ಲಮ್ಮ ಎಂದ. ಯಾರು ಕೊಟ್ಟದ್ದು ಎಂದು ಮಾತ್ರ ಕೇಳಿಕೊಂಡ.

ಸಂಜೆ ನನ್ನ ಬಾಗಿಲಲ್ಲಿ ಆ ಮನುಷ್ಯ ಪ್ರತ್ಯಕ್ಷ. ಮರ್ಯಾದೆ ಹೋಯಿತು, ಮನೆ ಹೋಯಿತು, ಕೆಲಸ ಹೋಯಿತು ಎಂದುಕೊಂಡೆ. ಅವನು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ:

"ಟೀಚರೇ, ಯಾರ್ಗೂ ಹೇಳ್ಬೇಡಿ. ನಂಗೂ ಸ್ವಲ್ಪ ಅಜೀರ್ಣ ಐತೆ."

ಟೆರಿಲಿನ್ ಶರ್ಟು

ಇಟಲಿಯವಳು ಕಳಿಸಿದ ಮೂರನೇ ಬಾಟಲಿಯನ್ನು ಗೋಡೆಗೂ ತೋರಿಸಲಿಲ್ಲ. ಆಗಲೇ ತರೀಕೆರೆಗೆ ವರ್ಗದ ಆರ್ಡರು ಬಂದಿತ್ತು. ಹೊಸ ಊರು, ಹೊಸ ಮನೆ, ಅಲ್ಲಿ ನಾನೇ ರಾಣಿ, ಅಲ್ಲೇ ಕುಡಿಯೋಣ ಎಂದು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಶಿವಮೊಗ್ಗದ ಪ್ಯಾಸೆಂಜರ್ ಹತ್ತಿದೆ. ಚಿತ್ರಾನ್ನವನ್ನು ಬಿಸಿ ಮಾಡಬೇಕಾದರೆ ಕಿಟಕಿಯಲ್ಲಿಟ್ಟರೆ ಸಾಕು, ಅಂಥ ಬೇಸಿಗೆ. ಬೀರೂರಿನಲ್ಲಿ ಆ ರೈಲು ಎಂದಿನಂತೆ ನಿಂತೇ ನಿಂತಿತು. ಅಲ್ಲಿ ಎದುರಿನ ಸೀಟಿಗೆ ಒಂದು ತಂಡ ಬಂದು ಕೂತಿತು. ಹೆಣ್ಣು ನೋಡಲು ಹೊರಟವರು. ನಡುವೆ ವರ, ಹೊಸ ಬಿಳೀ ಟೆರಿಲಿನ್ ಶರ್ಟು. ಮಡಿಕೆ ಬೀಳುತ್ತದೆಂದು ಕೈಯನ್ನೂ ಮಡಿಸದೆ ಕೂತಿದ್ದ.

ರೈಲು ಹೊರಟಿತು, ಕುಲುಕಿತು. ನನ್ನ ಚೀಲದೊಳಗಿಂದ ಢಂ ಎಂದಿತು.

ಬಿರಡೆ ಹೋಗಿ ಲಗೇಜಿನ ಹಲಗೆಗೆ ಬಡಿಯಿತು. ವೈನು ನೇರವಾಗಿ ಹೋಗಿ ವರನ ಎದೆಗೆ ಬಡಿಯಿತು. ವರ ಎದೆ ಹಿಡಿದುಕೊಂಡು "ಅಪ್ಪಾ, ಹೊಡೆದ್ರು!" ಎಂದು ಹಿಂದಕ್ಕೆ ಬಿದ್ದ. ಅವನಪ್ಪ ಕೂಗಿಕೊಂಡರು. ಅವನಮ್ಮ ನನ್ನ ಕಡೆ ತಿರುಗಿ, "ಏನಮ್ಮಾ ಅದು? ನನ್ ಮಗನ ಮೇಲೆ ಏನ್ ಬಿಟ್ಟೆ?" ಎಂದು ಎದ್ದು ನಿಂತರು. ನನ್ನ ಬಾಟಲಿ ಕಣ್ಣೆದುರು ಬುಸ್ ಬುಸ್ ಎಂದು ಚೀಲದೊಳಗೇ ಸುರಿದುಹೋಗುತ್ತಿತ್ತು. ಬೈಸಿಕೊಳ್ಳುವವಳೂ ನಾನೇ.

"ಬೀಟ್‌ರೂಟ್ ಶರಬತ್ತು ಕಣ್ರೀ! ಬಿಸಿಲಿಗೆ ಉಕ್ಕಿದೆ. ಅದಕ್ಯಾಕೆ ಇಷ್ಟು ಕೂಗಾಡ್ತೀರಿ?" ಎಂದು ಅವರಿಗಿಂತ ಜೋರಾಗಿ ಕೂಗಿದೆ.

ಸತ್ತಿಲ್ಲ ಎಂದು ಖಾತ್ರಿಯಾದ ಮೇಲೆ ವರ ಮೆಲ್ಲಗೆ ತುಟಿ ಸವರಿಕೊಂಡ. ಆಮೇಲೆ ತೋಳು ನೆಕ್ಕಿದ. ಆಮೇಲೆ ತರೀಕೆರೆ ಬರುವ ತನಕ, ಅಪ್ಪ ಬೈದರೂ ಕೇಳದೆ, ಕಾಲರಿನ ತುದಿ ಚೀಪುತ್ತಾ ಕೂತಿದ್ದ. ನನ್ನ ಬಾಟಲಿಯಲ್ಲಿ ಒಂದು ಹನಿ ಉಳಿಯಲಿಲ್ಲ. ನನ್ನ ವೈನನ್ನು ಒಂದು ಶರ್ಟು ಕುಡಿಯಿತು.

ಅವರು ನೋಡಲು ಹೋದ ಹೆಣ್ಣು ನನ್ನ ಹೊಸ ಶಾಲೆಯ ಸಹೋದ್ಯೋಗಿಯೊಬ್ಬರ ತಂಗಿಯೇ ಎಂದು ಆಮೇಲೆ ಗೊತ್ತಾಯಿತು. ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಹಿರಿಯರು ಕೇಳಿದರಂತೆ. ಕೆಂಪು ಶರ್ಟಿನ ವರ ಕೇಳಿದ್ದು ಒಂದೇ ಪ್ರಶ್ನೆ:

"ಬೀಟ್‌ರೂಟ್ ಶರಬತ್ತು ಮಾಡಕ್ ಬತ್ತದಾ?"

ವಿಚಾರಣೆ

ನಾಲ್ಕನೆಯದು ತರೀಕೆರೆಯ ಶಾಲೆಗೇ ಬಂತು. ಇಟಲಿಯವಳ ಕಡೆಯವನು ಅಮೃತಾಪುರದ ದೇವಸ್ಥಾನ ನೋಡಿಕೊಂಡು ಬರುವ ದಾರಿಯಲ್ಲಿ ಜವಾನನ ಕೈಗೆ ಕೊಟ್ಟು ಹೋಗಿದ್ದ. ಜವಾನ ಅದನ್ನು ಧ್ವಜದ ಹಾಗೆ ಎತ್ತಿ ಹಿಡಿದು, ಪ್ರಾರ್ಥನೆಗೆ ನಿಂತ ಇಡೀ ಶಾಲೆಯ ಮುಂದೆ ನಡೆದು ಬಂದು ನನಗೆ ಒಪ್ಪಿಸಿದ. ಅವತ್ತು ಶನಿವಾರ. ಸಂಜೆಯ ಹೊತ್ತಿಗೆ ಸುದ್ದಿ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತ್ತು. ಟೀಚರಮ್ಮ ಬ್ರಾಂದಿ ತರಿಸುತ್ತಾಳೆ, ಶಾಲಾ ಸಮಿತಿಯವರು ಮೇಲಕ್ಕೆ ಬರೆಯುತ್ತಾರಂತೆ, ಕೆಲಸಕ್ಕೆ ಕುತ್ತು ಎಂದು ಜೊತೆಯ ಟೀಚರೊಬ್ಬರು ಮನೆಗೇ ಬಂದು ಹೇಳಿದರು. ಬಾಟಲಿಯನ್ನು ಬಾವಿಗೆ ಎಸೆದುಬಿಡು ಎಂದೂ ಹೇಳಿದರು.

ನನಗೆ ಪಿತ್ತ ನೆತ್ತಿಗೇರಿತು. ನಾನು ದುಡಿದು ತಿನ್ನುವವಳು. ನನ್ನ ಅನ್ನ, ನನ್ನ ಚಟ್ನಿ, ನನ್ನ ಲೋಟ. ನಾನು ಏನನ್ನು ಯಾವುದರ ಜೊತೆ ನುಂಗಬೇಕು ಎಂದು ತೀರ್ಮಾನಿಸಲು ಸಮಿತಿ ಬೇಕೇ? ಕೆಲಸ ಹೋದರೆ ಹೋಗಲಿ, ನಾಳೆ ಕುಡಿಯುವುದೇ ಸೈ, ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.

ಭಾನುವಾರ ಬಾಟಲಿಯನ್ನು ನೀರಿನ ಮಡಕೆಯಲ್ಲಿ ಮುಳುಗಿಸಿ ತಣ್ಣಗೆ ಮಾಡಿದೆ. ಹುಚ್ಚೆಳ್ಳು ಹುರಿದು, ಹಸಿಮೆಣಸಿನಕಾಯಿ ಕೈಬಿಟ್ಟು ಹಾಕಿ, ಚಟ್ನಿ ರುಬ್ಬಿದೆ. ರೊಟ್ಟಿ ತಟ್ಟಿದೆ. ಸ್ಟೀಲ್ ಲೋಟ ತೊಳೆದಿಟ್ಟೆ. ಬಿರಡೆ ತೆಗೆದೆ. ಈ ಸಲ ಎಲ್ಲೂ ಹಾರಲಿಲ್ಲ, ಮಗುವಿನ ಹಾಗೆ ಕೈಗೆ ಬಂತು. ಲೋಟಕ್ಕೆ ಸುರಿದೆ. ಬಾಗಿಲು ಬಡಿದರು.

ಮೂರು ಜನ. ಸಮಿತಿಯ ಅಧ್ಯಕ್ಷರು, ಕೊಬ್ಬರಿ ವ್ಯಾಪಾರದವರು, ಕುಡಿತದ ವಿರುದ್ಧ ಭಾಷಣ ಮಾಡುವುದರಲ್ಲಿ ಎತ್ತಿದ ಕೈ. ಕಾರ್ಯದರ್ಶಿ, ಅಮಲ್ದಾರ್ ಕಚೇರಿಯಿಂದ ನಿವೃತ್ತರಾದವರು. ಜೊತೆಗೆ ನಮ್ಮ ಶಾಲೆಯ ಸೈನ್ಸ್ ಮೇಷ್ಟ್ರು, ತಜ್ಞ ಅಭಿಪ್ರಾಯಕ್ಕೆ.

"ಟೀಚರಮ್ಮಾ, ನಿಮ್ ಮನೇಲಿ ಬ್ರಾಂದಿ ಐತಂತಲ್ಲ?" ಎಂದರು ಅಧ್ಯಕ್ಷರು.

"ಬ್ರಾಂದಿ ಇಲ್ಲ. ವೈನ್ ಇದೆ. ಕುಡಿಯೋಕೆ ಕೂತಿದ್ದೆ, ನೀವು ಬಂದ್ರಿ."

ಅವರು ನನ್ನ ಅಳುವಿಗೆ ತಯಾರಾಗಿ ಬಂದಿದ್ದರು, ಇದಕ್ಕಲ್ಲ. ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು, "ಬಾಯಿಮಾತಿನ ಒಪ್ಪಿಗೆ ಸಾಲ್ದು. ಸ್ಥಳ ಮಹಜರು ಆಗ್ಬೇಕು. ಮಾಲು ಏನು ಅಂತ ರುಜುವಾತಾಗ್ಬೇಕು" ಎಂದರು.

ಸೈನ್ಸ್ ಮೇಷ್ಟ್ರು ಜೇಬಿನಿಂದ ಲಿಟ್ಮಸ್ ಕಾಗದ ತೆಗೆದು ನನ್ನ ಲೋಟದೊಳಗೆ ಅದ್ದಿದರು. "ಸಾರ್, ಕೆಂಪಾಯ್ತು!"

"ಕೆಂಪು ನೀರಿಗೆ ನಿಮ್ಮ ಮೂಗು ಅದ್ದಿದ್ರೂ ಕೆಂಪಾಗುತ್ತೆ" ಎಂದೆ.

ವಾಸನೆ ನೋಡಿದರು. ದ್ರಾಕ್ಷಿ ಹಣ್ಣಿನ ವಾಸನೆ. ಮದ್ಯದ ವಾಸನೆ ಹೀಗಿರುವುದಿಲ್ಲ ಎಂದು ಚರ್ಚೆಯಾಯಿತು. ಕೊನೆಗೆ ರುಚಿ ನೋಡದೆ ದಾರಿಯಿಲ್ಲ ಎಂದಾಯಿತು. ಅಧ್ಯಕ್ಷರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಕರ್ತವ್ಯ ಎಂದು ಹೇಳಿಕೊಂಡು ನನ್ನ ಲೋಟದಿಂದ ಒಂದು ಗುಟುಕು ಎಳೆದರು. ಕಣ್ಣು ತೆರೆದರು.

"ಸಿಹಿ ಐತಲ್ರೀ! ಬ್ರಾಂದಿ ಎಲ್ಲಾದ್ರೂ ಸಿಹಿ ಇರ್ತದಾ?"

"ಇರಲ್ಲ ಅಂತ ನಿಮ್ಗೆ ಹೆಂಗೆ ಗೊತ್ತು?" ಎಂದರು ಕಾರ್ಯದರ್ಶಿ. ಅಧ್ಯಕ್ಷರು ಅವರನ್ನು ಕೆಕ್ಕರಿಸಿ ನೋಡಿ ಲೋಟ ದಾಟಿಸಿದರು. ಲೋಟ ಮೂವರ ಕೈಯಲ್ಲೂ ಸುತ್ತಿ ಖಾಲಿಯಾಗಿ ಬಂತು. ಬಾಯಿ ಸಿಹಿಯಾಗಿಬಿಟ್ಟಿದೆ, ಮತ್ತೆ ಪರೀಕ್ಷೆ ಮಾಡಬೇಕಾದರೆ ನಾಲಿಗೆ ಸರಿಮಾಡಿಕೊಳ್ಳಬೇಕು ಎಂದು ಅಧ್ಯಕ್ಷರು ನನ್ನ ರೊಟ್ಟಿ ಮುರಿದು ಚಟ್ನಿಗೆ ಅದ್ದಿದರು. "ಹಾ, ಖಾರ ಖಾರ!" ಎಂದು ಬಾಟಲಿಯಿಂದ ಮತ್ತೆ ಲೋಟ ತುಂಬಿಸಿಕೊಂಡರು. ಕುಡಿದ ಮೇಲೆ ಮತ್ತೆ ರೊಟ್ಟಿ. ರೊಟ್ಟಿಯ ಮೇಲೆ ಮತ್ತೆ ಲೋಟ. ಕಾರ್ಯದರ್ಶಿಗಳು ಮೂಗು ಸೀಟುತ್ತಾ, ಅಳುತ್ತಾ, ಮಹಜರು ಮುಂದುವರಿಸಿದರು. ಸೈನ್ಸ್ ಮೇಷ್ಟ್ರು, "ಸಾರ್, ಖಾರ ಏರಿದಷ್ಟೂ ಇದು ಚೆನ್ನಾಗಾಗ್ತದೆ" ಎಂದು ತಜ್ಞ ಅಭಿಪ್ರಾಯ ಕೊಟ್ಟರು. ಇಟಲಿಯವಳ ಮಾತು ಅಕ್ಷರಶಃ ನಿಜ ಎಂದು ನನ್ನ ಮನೆಯಲ್ಲೇ ರುಜುವಾತಾಗುತ್ತಿತ್ತು, ನನ್ನ ನಾಲಿಗೆಯೊಂದನ್ನು ಬಿಟ್ಟು.

ಅಧ್ಯಕ್ಷರು ಬಾಟಲಿಯನ್ನು ಓರೆ ಮಾಡಿ ತಳ ನೋಡಿದರು. ನನಗೆ ಅಲ್ಲಿಗೆ ತಡೆಯಲಾಗಲಿಲ್ಲ.

"ಇಡ್ರೀ ಕೆಳಗೆ!"

ನನ್ನ ಗಂಟಲಿಂದ ಅಂಥ ಸ್ವರ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಟಲಿ ಕಿತ್ತುಕೊಂಡು ಉಳಿದದ್ದನ್ನೆಲ್ಲ ಲೋಟಕ್ಕೆ ಸುರಿದೆ. ಸರಿಯಾಗಿ ಒಂದು ಲೋಟವಾಯಿತು.

ಅಧ್ಯಕ್ಷರು ಪಂಚೆ ಸರಿಮಾಡಿಕೊಂಡು ಎದ್ದು ನಿಂತರು. "ಸಮಿತಿ ತೀರ್ಮಾನ ಮಾಡೈತೆ. ಇದು ಮದ್ಯ ಅಲ್ಲ. ಹಣ್ಣಿನ ಶರಬತ್ತು. ಟೀಚರಮ್ಮನ ಮೇಲೆ ಆಪಾದನೆ ಸುಳ್ಳು."

"ಶರಬತ್ತಲ್ಲ, ವೈನು!"

"ಶರಬತ್ತು ಅಂತ ಹೇಳಿದ್ವಲ್ಲಮ್ಮಾ."

"ವೈನು ಕಣ್ರೀ! ಬಾಟ್ಲಿ ಮೇಲೆ ಬರೆದಿದೆ ಓದಿ. ಮೇಲಕ್ಕೆ ಬರೀತೀವಿ ಅಂದ್ರಲ್ಲ, ಬರೀರಿ. ಟೀಚರ್ ಮನೇಲಿ ಕೂತು ವೈನ್ ಕುಡಿದ್ಳು ಅಂತ ಬರೀರಿ. ಯಾರ್ಯಾರ ಜೊತೆ ಕೂತು ಕುಡಿದ್ಳು ಅಂತಾನೂ ಬರೀರಿ!"

ಮೂವರ ಮುಖವೂ ಬೆಳ್ಳಗಾಯಿತು. ಕಾರ್ಯದರ್ಶಿಗಳು ಎರಡೂ ಕೈ ಮುಗಿದರು. "ಮೆಲ್ಲಗೆ ತಾಯಿ, ಮೆಲ್ಲಗೆ. ನಾನು ಮಕ್ಳೊಂದಿಗ. ಶರಬತ್ತು ಅಂದ್ಬಿಡಿ, ನಿಮ್ಗೆ ಪುಣ್ಯ ಬರ್ತದೆ."

"ಅನ್ನಲ್ಲ! ವೈನು, ವೈನು, ವೈನು!" ಎಂದು ಕೂಗಿ, ಅವರ ಮೂರೂ ಮುಖ ನೋಡುತ್ತಾ, ಒಂದು ತುಂಡು ರೊಟ್ಟಿಯ ತುಂಬ ಚಟ್ನಿ ಮೆತ್ತಿ ಬಾಯಿಗೆ ತುರುಕಿಕೊಂಡೆ. ಅದರ ಮೇಲೆ ಲೋಟ ಎತ್ತಿ ಗಟಗಟನೆ ಒಂದೇ ಉಸಿರಿಗೆ ಇಳಿಸಿದೆ. ಲೋಟವನ್ನು ನೆಲಕ್ಕೆ ಕುಕ್ಕಿದೆ. ಮೂವರೂ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಬಿದ್ದರು.

ನಾನು ಏದುಸಿರು ಬಿಡುತ್ತಾ ಚಾಪೆಯ ಮೇಲೆ ಕೂತೆ. ಕೆಲಸ ಉಳಿದಿತ್ತು. ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷದ ಮೇಲೆ ನನ್ನ ಮನೆಯಲ್ಲಿ, ನನ್ನ ಚಟ್ನಿಯ ಜೊತೆ, ನನ್ನ ಲೋಟದಲ್ಲಿ, ಕೊನೆಗೂ ಕುಡಿದಿದ್ದೆ. ಹೇಗಿತ್ತು ಎಂದು ನೆನೆಸಿಕೊಳ್ಳಲು ಕಣ್ಣು ಮುಚ್ಚಿದೆ.

ಏನೂ ನೆನಪಾಗಲಿಲ್ಲ. ನಾಲಿಗೆಯ ಮೇಲೆ ಹುಚ್ಚೆಳ್ಳಿನ ಖಾರ ಬಿಟ್ಟರೆ ಬೇರೇನೂ ಇರಲಿಲ್ಲ. ಗುಳ್ಳೆ ಎದ್ದಿತೇ? ಸಿಹಿ ಹೇಗಿತ್ತು? ಖಾರ ಆರಿತೇ? ಸಿಟ್ಟಿನಲ್ಲಿ ಔಷಧಿ ನುಂಗಿದ ಹಾಗೆ ನುಂಗಿಬಿಟ್ಟಿದ್ದೆ. ಬಾಟಲಿ ಕವುಚಿ ಅಲ್ಲಾಡಿಸಿದೆ, ಒಂದು ಹನಿಯೂ ಬೀಳಲಿಲ್ಲ.

ನನಗೆ ಬಂದ ಸಂಕಟ ಅಷ್ಟಿಷ್ಟಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಓಡಿದೆ. ಅಧ್ಯಕ್ಷರು ಆಗಲೇ ಸೈಕಲ್ ಹತ್ತಿದ್ದರು.

"ರೀ ಅಧ್ಯಕ್ಷರೇ, ನಿಂತ್ಕೊಳ್ರೀ! ಅದು ಹೆಂಗಿತ್ತು ಅಂತನಾದ್ರೂ ಹೇಳಿ ಹೋಗ್ರೀ!"

ಬೀದಿಯ ಎರಡೂ ಕಡೆ ಕಿಟಕಿಗಳು ತೆರೆದುಕೊಂಡವು. ಅಧ್ಯಕ್ಷರು ತಿರುಗಿಯೂ ನೋಡದೆ, ಪೆಡಲಿನ ಮೇಲೆ ಎದ್ದು ನಿಂತು ತುಳಿಯುತ್ತಾ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ನಂಗೇನಮ್ಮಾ ಗೊತ್ತು? ನಾವ್ ಅಂಥದ್ನೆಲ್ಲ ಮುಟ್ಟೋರಲ್ಲ!"